ಗ್ರಹಕ್ಕೊಂದು ಹರಳು, ಸಿಂಕಿಗೊಂದು ಕೈ

ಹಳ್ಳಿ ಶಾಲೆಯಲ್ಲಿ ಓದಿ ಈಗ ಐವತ್ತು ದಾಟಿರುವ ಕನ್ನಡಿಗರನ್ನು ಹುಟ್ಟಿದ ದಿನ ಯಾವುದೆಂದು ಕೇಳಿ ನೋಡಿ. ಬಹಳಷ್ಟು ಮಂದಿ ಜೂನ್ 1 ಎನ್ನುತ್ತಾರೆ. ಅಮ್ಮನ ಲೆಕ್ಕ ಬೇರೆಯೇ ಇತ್ತು: ‘ಗೌರಿಹಬ್ಬ ಕಳೆದ ಎಂಟನೇ ದಿನಕ್ಕೆ, ಕೆರೆ ಕೋಡಿ ಬಿದ್ದ ವರ್ಷ.’ ಅಷ್ಟುದ್ದದ ಇತಿಹಾಸ ಬರೆಯಲು ದಾಖಲಾತಿ ಪುಸ್ತಕದ ಕಾಲಮ್ಮಿನಲ್ಲಿ ಜಾಗವಿರಲಿಲ್ಲ. ಹೆಡ್‌ಮಾಸ್ಟರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿದರು. ಮುಟ್ಟಿತು. ಜೂನ್ 1 ಎಂದು ಗೀಚಿ ಮುಂದಿನವನನ್ನು ಕರೆದರು. ಆಮೇಲೆ ನೌಕರಿ, ಬಡ್ತಿ, ನಿವೃತ್ತಿ ಎಲ್ಲ ಆ ತಾರೀಖಿನ ಮೇಲೇ ನಡೆದುಹೋಯಿತು. ಈಗ ಪಿಂಚಣಿ ಶುರುವಾದ ಖುಷಿಗೆ ಮಗಳು ಅಪ್ಪನಿಗೊಂದು ಜನ್ಮರತ್ನದ ಉಂಗುರ ಕೊಡಿಸಲು ಆಭರಣದಂಗಡಿಗೆ ಕರೆದೊಯ್ಯುತ್ತಾಳೆ. ಕೌಂಟರಿನ ಹುಡುಗಿ ತಿಂಗಳ ಪಟ್ಟಿ ನೋಡಿ, ‘ಜೂನ್ ಅಂದ್ರೆ ಮುತ್ತು ಸರ್’ ಎನ್ನುತ್ತಾಳೆ. ಒಂದಿಡೀ ತಲೆಮಾರಿನ ಜನ್ಮರತ್ನವನ್ನು ಆಕಾಶದ ಯಾವ ಗ್ರಹವೂ ನಿರ್ಧರಿಸಲಿಲ್ಲ, ಹೆಡ್‌ಮಾಸ್ಟರು ನಿರ್ಧರಿಸಿದರು.

ಅವರ ಆಯ್ಕೆಯಲ್ಲಿ ಐಬು ಒಂದೇ. ದಿನಾ ತೊಡುವ ಉಂಗುರಕ್ಕೆ ಮುತ್ತಿನಷ್ಟು ಒಗ್ಗದ ವಸ್ತು ಹುಡುಕಿದರೂ ಸಿಗುವುದು ಕಷ್ಟ.

ತಿಂಗಳಿಗೊಂದು ಹರಳಿನ ಈ ಪಟ್ಟಿಯನ್ನು ಅಂಗಡಿಯವರು ಅನಾದಿ ಕಾಲದಿಂದ ಬಂದದ್ದು ಎಂಬ ಗಾಂಭೀರ್ಯದಲ್ಲಿ ತೋರಿಸುತ್ತಾರೆ. ಇವತ್ತು ಎಲ್ಲ ಕಡೆ ಚಾಲ್ತಿಯಲ್ಲಿರುವ ಪಟ್ಟಿಗೆ ಮೂಲ 1912. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಭರಣ ವ್ಯಾಪಾರಿಗಳ ಸಂಘ ಸಭೆ ಸೇರಿ, ಯಾವ ತಿಂಗಳಿಗೆ ಯಾವ ಕಲ್ಲು ಎಂದು ಠರಾವು ಮಾಡಿತು. ಯಾವ ತಪಸ್ಸೂ ನಡೆಯಲಿಲ್ಲ, ಯಾವ ಆಕಾಶವಾಣಿಯೂ ಆಗಲಿಲ್ಲ. ಅಲ್ಲಿಂದಾಚೆಗೆ ವ್ಯಾಪಾರಕ್ಕೆ ಅನುಕೂಲವಾದಂತೆಲ್ಲ ಪಟ್ಟಿ ತಿದ್ದುಪಡಿಯಾಗಿದೆ. 1952ರಲ್ಲಿ ಕೆಲವು ಕಲ್ಲು ಒಳಗೆ ಬಂದವು, ಕೆಲವು ಹೊರಗೆ ಹೋದವು. 2002ರಲ್ಲಿ ಡಿಸೆಂಬರಿಗೆ ಟಾಂಜನೈಟ್ ಸೇರಿತು. ಆ ಕಲ್ಲು ಟಾಂಜಾನಿಯಾದ ನೆಲದಲ್ಲಿ ಸಿಕ್ಕಿದ್ದೇ 1967ರಲ್ಲಿ. ಅದಕ್ಕೂ ಮೊದಲು ಡಿಸೆಂಬರಿನಲ್ಲಿ ಹುಟ್ಟಿದವರು ತಮ್ಮ ಜನ್ಮರತ್ನಕ್ಕಿಂತ ವಯಸ್ಸಿನಲ್ಲಿ ಹಿರಿಯರು! ಆಗಸ್ಟಿನವರಿಗೆ 2016ರಲ್ಲಿ ಸ್ಪಿನೆಲ್ ಮಂಜೂರಾಯಿತು. ಇದು ಶತಮಾನಗಟ್ಟಲೆ ಮಾಣಿಕ್ಯದ ಹೆಸರಿನಲ್ಲೇ ಸೇವೆ ಸಲ್ಲಿಸಿದ ಕಲ್ಲು. ಬ್ರಿಟನ್ನಿನ ರಾಜಕಿರೀಟದಲ್ಲಿ ‘ಬ್ಲ್ಯಾಕ್ ಪ್ರಿನ್ಸಸ್ ರೂಬಿ’ ಎಂದು ಮೆರೆಯುವ ಕೆಂಪು ಹರಳು ಸ್ಪಿನೆಲ್ಲೇ. ರಾಜಮನೆತನಕ್ಕೇ ಗೊತ್ತಾಗದ ವ್ಯತ್ಯಾಸ ಜಯನಗರದ ನಮ್ಮ ಹರಳಿನಂಗಡಿಯವರಿಗೆ ಬೆಳಕಿಗೆ ಹಿಡಿದ ಕೂಡಲೇ ಗೊತ್ತಾಗುತ್ತದೆ ಎಂದು ಅವರ ನಂಬಿಕೆ.

ಇನ್ನು ನಮ್ಮ ಪಟ್ಟಿ. ಅದು ಅಮೆರಿಕದ್ದಕ್ಕಿಂತ ತುಂಬಾ ಹಳೆಯದು, ತುಂಬಾ ತೊಡಕಿನದು. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಬಹುದಿತ್ತು. ಆದರೆ ರಾಶಿ ಪ್ರಕಾರ ಒಂದು ಹರಳು, ಲಗ್ನದ ಪ್ರಕಾರ ಇನ್ನೊಂದು, ನಡೆಯುತ್ತಿರುವ ದಶೆಯ ಪ್ರಕಾರ ಮಗದೊಂದು. ಬೆಳಿಗ್ಗೆ ಟೀವಿಯಲ್ಲಿ ಬರುವ ಗುರೂಜಿ ಹೇಳುವುದು ನಾಲ್ಕನೆಯದು. ಅಂಗಡಿಯಲ್ಲಿ ಸ್ಟಾಕಿರುವುದು ಐದನೆಯದು. ಯಾವುದೂ ಕೂಡಿಬರದಿದ್ದರೆ ಕೊನೆಗೆ ನವರತ್ನದ ಉಂಗುರ. ಒಂಬತ್ತೂ ಮಂದಿಗೆ ಖಾತೆ ಕೊಟ್ಟ ಮೇಲೆ ಯಾರೂ ಬಂಡಾಯವೇಳುವ ಹಾಗಿಲ್ಲ, ಸಮ್ಮಿಶ್ರ ಸರ್ಕಾರದ ಹಾಗೆ.

ತೂಕದ ವಿಷಯ ಇನ್ನೂ ಸೊಗಸು. ದೇಹದ ತೂಕ ಅರವತ್ತು ಕಿಲೋ ಇದ್ದರೆ ಆರು ರತ್ತಿ ಹರಳು ಬೇಕು ಎಂಬುದು ಒಂದು ಪ್ರಚಲಿತ ಸೂತ್ರ. ಹಾಗಾದರೆ ಲಾಲ್‌ಬಾಗಿನಲ್ಲಿ ನಡೆದೂ ನಡೆದೂ ಐದು ಕಿಲೋ ಇಳಿಸಿದವರು ಹರಳನ್ನು ಅರ್ಧ ರತ್ತಿ ಸಾಣೆ ಹಿಡಿಸಬೇಕೆ? ಯಾವ ಗುರೂಜಿಯೂ ಉತ್ತರಿಸಿದ್ದು ಕೇಳಿಲ್ಲ. ಗುಲಗಂಜಿ ತೂಕದ ಹಳೆಯ ರತ್ತಿ ಸುಮಾರು 0.12 ಗ್ರಾಂ. ಹರಳಿನ ಅಂಗಡಿಯಲ್ಲಿ ಓಡುವ ರತ್ತಿ 0.18 ಗ್ರಾಮಿನ ಆಸುಪಾಸು. ಕ್ಯಾರಟ್ ಎಂದರೆ 0.2 ಗ್ರಾಂ. ಮೂರರ ನಡುವಿನ ವ್ಯತ್ಯಾಸ ಯಾರ ಜೇಬಿಗೆ ಹೋಗುತ್ತದೆಂದು ಹೇಳಲು ಜಾತಕ ಬೇಕಿಲ್ಲ.

ಇಷ್ಟೆಲ್ಲ ಗುಣಾಕಾರ ಭಾಗಾಕಾರದ ನಡುವೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಈ ಕೈ ದಿನವಿಡೀ ಏನು ಕೆಲಸ ಮಾಡುತ್ತದೆ?

1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಹ್ಸ್ ಎಂಬ ಖನಿಜಶಾಸ್ತ್ರಜ್ಞ ಕಲ್ಲುಗಳಿಗೇ ಜಾತಕ ಬರೆದ. ಯಾವ ಕಲ್ಲು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಅವನ ಪ್ರಶ್ನೆ. ಒಂದನೇ ಮನೆಯಲ್ಲಿ ಬಳಪದ ಕಲ್ಲಿನ ಮೆತ್ತನೆಯ ಖನಿಜ, ಹತ್ತನೇ ಮನೆಯಲ್ಲಿ ವಜ್ರ. ನಮ್ಮ ಉಗುರು 2.5, ಕಿಟಕಿ ಗಾಜು 5.5, ಬೆಣಚುಕಲ್ಲು 7. ಈ ಏಳನೇ ಮನೆಯ ಮೇಲೆ ಕಣ್ಣಿಡಿ. ಮದುವೆಯ ಜಾತಕದಲ್ಲೂ ಏಳನೇ ಮನೆಯೇ ಗಂಡಾಂತರದ್ದು ಅನ್ನುತ್ತಾರಲ್ಲ, ಇಲ್ಲೂ ಹಾಗೇ. ಮರಳಿನಲ್ಲಿ, ರಸ್ತೆಯ ಧೂಳಿನಲ್ಲಿ, ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಎಲ್ಲೆಲ್ಲೂ ಬೆಣಚು ಇದೆ. ಏಳಕ್ಕಿಂತ ಮೆತ್ತಗಿನ ಹರಳಿನ ಮೇಲೆ ಕೂತ ಧೂಳನ್ನು ಪಂಚೆಯ ಚುಂಗಿನಲ್ಲಿ ಮೆಲ್ಲಗೆ ಒರೆಸಿದರೂ ಆ ಧೂಳೇ ಹರಳನ್ನು ಗೀರುತ್ತದೆ. ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯಲ್ಲಿ ದಿನಾ ಸ್ಕೂಟರಿನಲ್ಲಿ ಓಡಾಡುವವರ ಉಂಗುರಕ್ಕೆ ಬೇರೆ ಶತ್ರು ಬೇಕಿಲ್ಲ. ಶನಿ ಆರಾಮವಾಗಿ ಕೂತು ನೋಡುತ್ತಿದ್ದರೆ ಸಾಕು.

ನವರತ್ನಗಳನ್ನು ಈ ಮನೆಗಳಲ್ಲಿ ಕೂರಿಸಿ ನೋಡೋಣ. ವಜ್ರ 10. ಮಾಣಿಕ್ಯ, ನೀಲ, ಕನಕ ಪುಷ್ಯರಾಗ ಮೂರೂ 9. ವೈಡೂರ್ಯ 8.5. ಪಚ್ಚೆ 7.5ರಿಂದ 8. ಗೋಮೇಧಿಕ 7ರ ಆಚೀಚೆ. ಹವಳ 3ರಿಂದ 4. ಮುತ್ತು 2.5ರಿಂದ 4.5. ಇದರಲ್ಲಿ ಪಾಪ ವೈಡೂರ್ಯದ ಗತಿ ನೋಡಿ. ಗೀರು ಬೀಳುವುದು ಅಪರೂಪ, ಹೊಡೆತಕ್ಕೂ ಜಗ್ಗುವುದಿಲ್ಲ. ಗಾಣದೆತ್ತಿನ ಹಾಗೆ ದುಡಿಯುವ ಕೈಗೆ ಹೇಳಿ ಮಾಡಿಸಿದ ಹರಳು. ಆದರೆ ಅದು ಕೇತುವಿನದು. ಕೇತು ಎಂದರೆ ವೈರಾಗ್ಯ, ಮೋಕ್ಷ. ಅಪಾರ್ಟ್‌ಮೆಂಟಿನ ಇಎಂಐ ಇನ್ನೂ ಹದಿನಾಲ್ಕು ವರ್ಷ ಇರುವಾಗ ಮೋಕ್ಷ ಯಾರಿಗೆ ಬೇಕು?

ಈಗ ಈ ಹರಳುಗಳು ಯಾರ ಬೆರಳಿಗೆ ಹೋಗುತ್ತವೆಂದು ಗಮನಿಸಿ. ಇಲ್ಲಿದೆ ತಮಾಷೆ.

ಗಂಡನಿಗೆ ಬಡ್ತಿ ನಿಂತಿದೆ. ಗುರುಬಲ ಸಾಲದು. ಕನಕ ಪುಷ್ಯರಾಗ, ಬಲಗೈ ತೋರುಬೆರಳು. ಕಾಠಿಣ್ಯ 9. ಸಾಡೇಸಾತಿ ನಡೆಯುತ್ತಿದ್ದರೆ ನೀಲ, ಮಧ್ಯದ ಬೆರಳು. ಅದೂ 9. ಹೆಂಡತಿಗೆ ನಿದ್ದೆ ಬರುವುದಿಲ್ಲ, ಸಣ್ಣಸಣ್ಣದಕ್ಕೂ ರೇಗುತ್ತಾಳೆ. ‘ಚಂದ್ರ ದುರ್ಬಲ ತಾಯೀ, ಮನಸ್ಸಿಗೆ ಕಾರಕ ಅವನೇ. ಬೆಳ್ಳಿಯಲ್ಲಿ ಮುತ್ತು ಕಟ್ಟಿಸಿ ಸೋಮವಾರ ಹಾಕ್ಕೊಳ್ಳಿ.’ ಕಾಠಿಣ್ಯ ಎರಡೂವರೆಯಿಂದ ಶುರು. ಮಗಳಿಗೆ ಗಂಡು ಕೂಡಿಬರುತ್ತಿಲ್ಲ, ಕುಜದೋಷ. ಹವಳ. ಕಾಠಿಣ್ಯ ಮೂರೂ ಚಿಲ್ಲರೆ. ಇಡೀ ದಿನ ಆಫೀಸಿನಲ್ಲಿ ಮೌಸ್ ಹಿಡಿದು, ಮನೆಗೆ ಬಂದು ರಿಮೋಟ್ ಹಿಡಿಯುವ ಕೈಗೆ ಉಕ್ಕಿನ ಅರವನ್ನೂ ಲೆಕ್ಕಿಸದ ಹರಳು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೊಳೆದು, ತಿಕ್ಕಿ, ಹಿಂಡಿ, ಒರೆಸುವ ಕೈಗೆ ಒಂಬತ್ತರಲ್ಲೇ ಅತ್ಯಂತ ಮೆತ್ತನೆಯವು ಎರಡು. ನವಗ್ರಹಗಳು ಮನೆಯ ಕೆಲಸ ಹಂಚಿರುವ ರೀತಿ ನೋಡಿದರೆ ಒಂಬತ್ತರಲ್ಲಿ ಒಬ್ಬರಾದರೂ ಪಾತ್ರೆ ತೊಳೆದವರಂತೆ ಕಾಣುವುದಿಲ್ಲ.

ಆ ಹೆಂಗಸಿಗೆ ನಿದ್ದೆ ಯಾಕೆ ಬರುವುದಿಲ್ಲ ಎಂದು ಗುರೂಜಿ ಕೇಳಿದ್ದರೆ ಚಂದ್ರನನ್ನು ಕರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವಳು ಐದಕ್ಕೆ ಏಳುತ್ತಾಳೆ, ಅಷ್ಟೇ.

ಮುತ್ತು, ಹವಳ ಎರಡೂ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲಿನ ಕುಲವೇ. ಹುಳಿ ಬಿದ್ದರೆ ಸುಣ್ಣಕಲ್ಲು ಕರಗುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಈಗ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಯಾವುದಾದರೂ ಮನೆಯ ಹಿತ್ತಲಿಗೆ ಹೋಗಿ. ಕಾಲುದೀಪ, ಆರತಿ ತಟ್ಟೆ, ಕಳಸದ ಚೊಂಬು, ಅಜ್ಜಿಯ ಕಾಲದ ಹಿತ್ತಾಳೆ ಬಿಂದಿಗೆ ಸಾಲಾಗಿ ಕೂತಿರುತ್ತವೆ. ಪಕ್ಕದಲ್ಲಿ ನೆನೆಸಿಟ್ಟ ಹುಣಸೆಹಣ್ಣು, ಉಪ್ಪು, ಇನ್ನೂ ಕೆಲವರ ಮನೆಯಲ್ಲಿ ಇಟ್ಟಿಗೆ ಪುಡಿ. ಆಕೆ ಹುಣಸೆ ಹಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು ದೀಪದ ಬುಡದಿಂದ ತಿಕ್ಕಲು ಶುರುಮಾಡುತ್ತಾಳೆ. ಕಿರುಬೆರಳಿನ ಮುತ್ತಿನ ಮೇಲೆ ಹುಳಿ ಹರಿಯುತ್ತದೆ, ಅದರ ಹಿಂದೆಯೇ ಇಟ್ಟಿಗೆ ಪುಡಿಯ ಬೆಣಚು ಉಜ್ಜುತ್ತದೆ. ಹಿತ್ತಾಳೆ ಬಂಗಾರದ ಬಣ್ಣಕ್ಕೆ ತಿರುಗುವಷ್ಟರಲ್ಲಿ ಮುತ್ತಿನ ನುಣುಪು ಒಂದು ಪದರ ಹೋಗಿರುತ್ತದೆ. ಇನ್ನೆರಡು ಹಬ್ಬ ಕಳೆದರೆ ಮುತ್ತು ಹಳೆಯ ಅಂಗಿಯ ಗುಂಡಿಯಷ್ಟು ಮಂಕು. ‘ಬಣ್ಣ ಹೋಗಿದೆ ಅಂದ್ರೆ ನಿಮ್ಮ ಕಷ್ಟವನ್ನ ಅದು ಎಳಕೊಂಡಿದೆ ತಾಯೀ, ಹೊಸದು ಹಾಕ್ಕೊಳ್ಳಿ’ ಎಂದು ಗುರೂಜಿ ಸಮಾಧಾನ ಹೇಳುತ್ತಾರೆ. ಅದು ಎಳೆದುಕೊಂಡದ್ದು ಹುಣಸೆಹುಳಿ.

ಹವಳದ ಕಥೆಗೆ ಸ್ವಲ್ಪ ವಿದೇಶ ಪ್ರವಾಸವೂ ಉಂಟು. ‘ಇದು ಇಟಾಲಿಯನ್ ಮೇಡಂ’ ಎಂದು ಅಂಗಡಿಯವರು ದನಿ ತಗ್ಗಿಸಿ ತೋರಿಸುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ನೇಪಲ್ಸ್ ಪಕ್ಕದ ಟೊರೆ ಡೆಲ್ ಗ್ರೆಕೊ ಎಂಬ ಊರು ಹವಳದ ಕೆತ್ತನೆಗೆ ಬಹಳ ಕಾಲದಿಂದ ಹೆಸರಾದದ್ದು. ದಾವಣಗೆರೆಯ ಹುಡುಗಿಗೆ ಗಂಡು ಕೂಡಿಬರಲು ವೆಸುವಿಯಸ್ ಜ್ವಾಲಾಮುಖಿಯ ಬುಡದಿಂದ ಶಿಫಾರಸು ಬರಬೇಕು. ಹುಡುಗಿ ಎಂ.ಟೆಕ್ ಮಾಡಿದ್ದಾಳೆ, ವರದಕ್ಷಿಣೆ ಕೊಡುವುದಿಲ್ಲ ಎನ್ನುತ್ತಾಳೆ ಎಂಬ ಸಣ್ಣ ವಿವರವನ್ನು ಮಾತ್ರ ಯಾರೂ ಕುಂಡಲಿಯಲ್ಲಿ ಬರೆದಿರುವುದಿಲ್ಲ.

ಮಕ್ಕಳನ್ನೂ ಬಿಟ್ಟಿಲ್ಲ. ಬುಧ ಬುದ್ಧಿಕಾರಕ, ಆದ್ದರಿಂದ ಪಿಯುಸಿ ಎರಡನೇ ವರ್ಷಕ್ಕೆ ಕಾಲಿಟ್ಟ ಹುಡುಗನಿಗೆ ಪಚ್ಚೆ. ಅಂಕಿ ನೋಡಿದರೆ ಪಚ್ಚೆ ಸಾಕಷ್ಟು ಗಟ್ಟಿ. ಆದರೆ ಗಟ್ಟಿತನ ಬೇರೆ, ಹೊಡೆತ ತಾಳುವುದು ಬೇರೆ. ಪಚ್ಚೆಯ ಒಳಗೆ ಹುಟ್ಟಿನಿಂದಲೇ ಸಣ್ಣಸಣ್ಣ ಬಿರುಕುಗಳಿರುತ್ತವೆ. ಅವು ಕಾಣದಿರಲೆಂದು ವ್ಯಾಪಾರದಲ್ಲಿ ಎಣ್ಣೆ ತುಂಬುವುದು ರೂಢಿ. ಬಿಸಿನೀರು, ಸೋಪು, ಅಂಗಡಿಯ ತೊಳೆಯುವ ಯಂತ್ರ ಸೇರಿ ಆ ಎಣ್ಣೆಯನ್ನು ಹೊರಗೆ ತೆಗೆದರೆ ಬಿರುಕುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಹಾಸ್ಟೆಲಿನ ಕಬ್ಬಿಣದ ಮಂಚಕ್ಕೆ ಒಂದು ಸಲ ಜೋರಾಗಿ ತಗುಲಿದರೆ ಮೂಲೆ ಹಾರುತ್ತದೆ. ಅಷ್ಟಾದರೂ ಪರವಾಗಿಲ್ಲ, ಪರೀಕ್ಷೆಯ ದಿನ ಬೆರಳಲ್ಲಿದ್ದರೆ ಸಾಕು ಎಂದು ಅಪ್ಪ ಅಂದುಕೊಂಡಿರುತ್ತಾರೆ. ನೀಟ್ ಪರೀಕ್ಷೆಯ ನಿಯಮ ಓದಿ: ಕೇಂದ್ರದೊಳಗೆ ಉಂಗುರ, ಓಲೆ, ಮೂಗುತಿ, ಸರ ಯಾವುದಕ್ಕೂ ಪ್ರವೇಶವಿಲ್ಲ. ಇಡೀ ವರ್ಷ ಬುಧನನ್ನು ಸಾಕಿ, ಬೇಕಾದ ಆ ಕೆಲವು ಗಂಟೆ ಅವನನ್ನು ಗೇಟಿನ ಹೊರಗೆ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಕೂರಿಸಬೇಕು.

ನೀಲಕ್ಕೆ ಮಾತ್ರ ನಮ್ಮವರು ಪರೀಕ್ಷೆಯನ್ನು ಒಪ್ಪಿದ್ದಾರೆ. ನೀಲ ಎಲ್ಲರಿಗೂ ಆಗಿಬರುವುದಿಲ್ಲವಂತೆ. ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಮಲಗಬೇಕು, ಕೆಟ್ಟ ಕನಸು ಬಿದ್ದರೆ ಅಂಗಡಿಗೆ ವಾಪಸ್. ಕೊಳ್ಳುವವರಿಗೆ ಇಷ್ಟು ಅನುಕೂಲವಾದ ಪದ್ಧತಿ ಮೊಬೈಲ್ ಫೋನಿಗೂ ಇಲ್ಲ. ಒಂದೇ ಕೊರತೆ: ಉಂಗುರವನ್ನು ಪರೀಕ್ಷಿಸುವ ಜಾಗ ದಿಂಬಲ್ಲ. ಅದನ್ನು ಮೂರು ದಿನ ಚಪಾತಿ ಹಿಟ್ಟಿನಲ್ಲಿ, ಬಸ್ಸಿನ ಕಂಬಿಯಲ್ಲಿ, ಜಿಮ್ಮಿನ ಡಂಬೆಲ್ಲಿನಲ್ಲಿ ಓಡಾಡಿಸಬೇಕು.

ನೀಲದ ಬಗ್ಗೆ ಇನ್ನೊಂದು ಕೌಟುಂಬಿಕ ರಹಸ್ಯವಿದೆ. ಸೂರ್ಯ ಮತ್ತು ಶನಿ ಅಪ್ಪ ಮಗ. ಇಬ್ಬರಿಗೂ ಆಗಿಬರುವುದಿಲ್ಲ, ಹಾಗಾಗಿ ಮಾಣಿಕ್ಯ ಮತ್ತು ನೀಲವನ್ನು ಒಟ್ಟಿಗೆ ತೊಡಬಾರದು ಎಂದು ಶಾಸ್ತ್ರ. ಪ್ರಯೋಗಾಲಯದಲ್ಲಿ ನೋಡಿದರೆ ಎರಡೂ ಒಂದೇ ಖನಿಜ, ಕೊರಂಡಮ್. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದದ್ದು. ಚಿಟಿಕೆ ಕ್ರೋಮಿಯಂ ಬೆರೆತರೆ ಮಾಣಿಕ್ಯ, ಚಿಟಿಕೆ ಕಬ್ಬಿಣ ಟೈಟಾನಿಯಂ ಬೆರೆತರೆ ನೀಲ. ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕು ಉಜ್ಜಲು ಕೊಡುವ ಎಮರಿ ಕಾಗದದ ಪುಡಿಯಲ್ಲೂ ಇದೇ ಕೊರಂಡಮ್ ಇರುತ್ತದೆ. ಅಪ್ಪ, ಮಗ, ಉಪ್ಪುಕಾಗದ ಒಂದೇ ಮನೆತನ. ಆಸ್ತಿ ಭಾಗವಾದ ಮೇಲೆ ಮಾತು ಬಿಟ್ಟಿರಬೇಕು.

ದಿನಬಳಕೆಗೆ ಹರಳು ಬೇಕೇಬೇಕು ಎನ್ನುವವರು ಈ ಮನೆತನದ ಹೆಣ್ಣನ್ನೇ ತರುವುದು ಕ್ಷೇಮ. ಆದರೆ ತರುವಾಗ ಕುಲಗೋತ್ರ ವಿಚಾರಿಸಿ. ಪುಷ್ಯರಾಗ ಎಂಬ ಒಂದೇ ಹೆಸರಿನಲ್ಲಿ ಕನಕ ಪುಷ್ಯರಾಗವೂ ಬರುತ್ತದೆ, ಟೋಪಾಜೂ ಬರುತ್ತದೆ, ಹಳದಿ ಬೆಣಚಾದ ಸಿಟ್ರಿನ್ನೂ ಬರುತ್ತದೆ. ಮೊದಲನೆಯದು 9. ಎರಡನೆಯದು 8, ಆದರೆ ಒಂದು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೌದೆ ಸೀಳಿದಂತೆ ಸೀಳುತ್ತದೆ. ಮೂರನೆಯದು 7, ಧೂಳಿನ ಸರೀಕ. ಬೆಲೆಯಲ್ಲಿ ಮೂರಕ್ಕೂ ಅಜಗಜಾಂತರ. ಹೆಸರು ಮಾತ್ರ ಪುಷ್ಯರಾಗ, ಮಂತ್ರವೂ ಒಂದೇ.

ಮಾಣಿಕ್ಯದಲ್ಲಿ ಮೋಸ ಇನ್ನೂ ನಯ. ಬಿರುಕುಬಿಟ್ಟ ಕಳಪೆ ಕಲ್ಲಿಗೆ ಸೀಸದ ಗಾಜು ಕರಗಿಸಿ ತುಂಬಿ ಕೆಂಪಗೆ ಹೊಳೆಯಿಸುತ್ತಾರೆ. ಎರಡು ಸಾವಿರಕ್ಕೆ ಇಷ್ಟು ದೊಡ್ಡ ಮಾಣಿಕ್ಯವಾ ಎಂದು ನೀವು ಹಿಗ್ಗುತ್ತೀರಿ. ಕಲ್ಲು 9 ನಿಜ, ಗಾಜು ಗಾಜೇ. ನಿಂಬೆರಸ ತಾಗುತ್ತಿದ್ದರೆ ಗಾಜು ಕೊರೆದುಹೋಗಿ ಹರಳಿನ ತುಂಬ ಬಿಳಿ ಗೆರೆ ಮೂಡುತ್ತದೆ. ಉಂಗುರ ಬಿಗಿಯಾಯಿತೆಂದು ಆಚಾರಿಯ ಹತ್ತಿರ ಬೆಸುಗೆಗೆ ಕೊಟ್ಟರಂತೂ ಆ ಬೆಂಕಿಗೆ ಪೂರ್ತಿ ಹಾಳು. ಚಿತ್ರಾನ್ನ ಮಾಡುವ ಮನೆಗೆ ಹೇಳಿದ ಸೂರ್ಯ ಇವನಲ್ಲ.

‘ಲ್ಯಾಬಿನಲ್ಲಿ ಬೆಳೆಸಿದ ಮಾಣಿಕ್ಯ ತಗೊಂಡ್ರೆ?’ ಎಂದು ಕೇಳಿದರೆ ಗುರೂಜಿ ಕಿವಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೆ ಶಕ್ತಿ ಇಲ್ಲವಂತೆ. ಫ್ರಾನ್ಸಿನ ವೆರ್ನ್ಯೂಯ್ ಎಂಬಾತ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ. ಅದೇ ಖನಿಜ, ಅದೇ 9, ಬಿರುಕೂ ಇಲ್ಲ. ಅಂಥ ಮಾಣಿಕ್ಯ ನಮ್ಮ ಮನೆಗಳಿಗೆ ಯಾವತ್ತೋ ಬಂದಾಗಿದೆ. ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರದ ಮುಖದ ಮೇಲೆ ‘17 ಜ್ಯುವೆಲ್ಸ್’ ಎಂದಿರುತ್ತಿತ್ತಲ್ಲ, ಅವು ಯಂತ್ರದ ಸೂಜಿಮೊನೆಗಳು ಸವೆಯದೆ ತಿರುಗಲೆಂದು ಕೂರಿಸಿದ ಕೃತಕ ಮಾಣಿಕ್ಯಗಳು. ಗುಮಾಸ್ತರು, ಮೇಷ್ಟ್ರುಗಳು, ಕಂಡಕ್ಟರುಗಳು ಹದಿನೇಳು ಮಾಣಿಕ್ಯ ಕಟ್ಟಿಕೊಂಡು ಮೂವತ್ತು ವರ್ಷ ಓಡಾಡಿದರು. ಒಬ್ಬರಿಗೂ ರಾಜಯೋಗ ಬರಲಿಲ್ಲ. ಟೈಮು ಮಾತ್ರ ಸರಿಯಾಗಿ ತೋರಿಸಿತು. ಶಕ್ತಿ ಎಂದರೆ ಇನ್ನೇನು ಬೇಕೋ ತಿಳಿಯದು.

ಹರಳು ಗೆದ್ದಿತು ಎಂದಿಟ್ಟುಕೊಳ್ಳಿ, ಮುಂದಿನದು ಕಟ್ಟು. ಅನೇಕ ಉಂಗುರಗಳಲ್ಲಿ ಮೊದಲು ಸೋಲುವುದು ಹರಳಲ್ಲ, ಅದನ್ನು ಹಿಡಿದಿರುವ ಚಿನ್ನ. ನಮಗೆ 916 ಎಂದರೆ ಪ್ರಾಣ. ನೂರಕ್ಕೆ 91.6 ಪಾಲು ಶುದ್ಧ ಚಿನ್ನ, ಅಷ್ಟೇ ಮೆತ್ತಗೆ. ಅದರಲ್ಲಿ ನಾಲ್ಕು ಸಣ್ಣ ಕೊಕ್ಕೆಗಳನ್ನು ಎತ್ತಿ ಹರಳನ್ನು ಗೋಪುರದ ಮೇಲೆ ಕೂರಿಸಿದರೆ ನೋಡಲು ಭವ್ಯ. ದುಪಟ್ಟಾ, ಸೀರೆಯ ಸೆರಗು, ಮಗುವಿನ ಸ್ವೆಟರು ಎಲ್ಲವೂ ಆ ಕೊಕ್ಕೆಗೆ ಸಿಕ್ಕಿ ಎಳೆಯುತ್ತವೆ. ಒಂದು ಕೊಕ್ಕೆ ಕೂದಲೆಳೆಯಷ್ಟು ಮೇಲೆದ್ದರೆ ಒಂದು ದಿನ ಶನಿ ಸಿಂಕಿನ ತೂತಿನಲ್ಲಿ ಕೆಳಗಿಳಿದು ಪಾಲಿಕೆಯ ಮೋರಿ ಸೇರುತ್ತಾನೆ. 18 ಕ್ಯಾರಟ್ಟಿನ ಚಿನ್ನ, ಅಂದರೆ 750ರ ಗುರುತಿನದು, ಬೇರೆ ಲೋಹ ಹೆಚ್ಚು ಬೆರೆತದ್ದರಿಂದ ಹೆಚ್ಚು ಗಟ್ಟಿ. ಹರಳಿನ ಸುತ್ತಲೂ ಚಿನ್ನದ ಅಂಚು ಮಡಚಿ, ಬೆರಳಿಗೆ ತಗ್ಗಾಗಿ ಕೂರಿಸಿದರೆ ಕೊಕ್ಕೆಯ ರಗಳೆಯೇ ಇಲ್ಲ. ಆದರೆ ಇದನ್ನು ಹೇಳಿದರೆ, ‘ಹದಿನೆಂಟಾ? ನಾಳೆ ಮಾರೋಕೆ ಹೋದ್ರೆ?’ ಎಂದು ಅತ್ತೆ ಹುಬ್ಬೇರಿಸುತ್ತಾರೆ. ತೊಡಲು ಕೊಳ್ಳುವ ಉಂಗುರವನ್ನು ಮಾರುವ ದಿನದ ಮುಖ ನೋಡಿ ಕೊಳ್ಳುವವರು ನಾವು.

ಇದರ ಮೇಲೆ ಗುರೂಜಿಯ ಷರತ್ತು: ಹರಳು ಚರ್ಮಕ್ಕೆ ತಾಗಬೇಕು, ಇಲ್ಲದಿದ್ದರೆ ಕಿರಣ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಉಂಗುರದ ತಳ ತೆರೆದಿರಬೇಕು. ತೆರೆದ ತಳ ಎಂದರೇನು ಗೊತ್ತೆ? ಯಾವುದಾದರೂ ಮನೆಯ ಹರಳುಂಗುರವನ್ನು ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿ. ಮುದ್ದೆ ಕಟ್ಟಿದ ರಾಗಿ, ಪಾತ್ರೆ ಸೋಪಿನ ನೊರೆ ಒಣಗಿದ್ದು, ಕಡಲೆಹಿಟ್ಟು, ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ ಪದರ ಪದರವಾಗಿ ಕೂತಿರುತ್ತವೆ. ಹರಪ್ಪದಲ್ಲಿ ಅಗೆದವರಿಗೂ ಇಷ್ಟು ಸ್ಪಷ್ಟವಾದ ಸ್ತರಗಳು ಸಿಕ್ಕಿರಲಾರವು. ಗುರುವಿನ ಕಿರಣ ಇಷ್ಟನ್ನೆಲ್ಲ ದಾಟಿ ಬೆರಳಿಗೆ ಇಳಿಯಬೇಕು. ನಿಜಕ್ಕೂ ಬೃಹಸ್ಪತಿಯೇ ಆಗಿರಬೇಕು.

ಹಾಗೆ ನೋಡಿದರೆ ಈ ನಾಡಿನಲ್ಲಿ ಯಾವ ಹರಳೂ ನಿಶ್ಚಿಂತೆಯಿಂದ ಬಾಳುವುದು ರಾಜಕಾರಣಿಗಳ ಕೈಯಲ್ಲಿ. ಎರಡೂ ಕೈಗೆ ಎಂಟು ಉಂಗುರ, ಮುತ್ತು ಹವಳವೂ ಸೇರಿ. ಒಂದಕ್ಕೂ ಗೀರಿಲ್ಲ. ಮುಗಿಯುವುದು, ಬೀಸುವುದು ಬಿಟ್ಟರೆ ಆ ಕೈಗಳಿಗೆ ಬೇರೆ ಕೆಲಸವಿಲ್ಲ. ಚುನಾವಣೆಗೆ ಮುನ್ನ ಹೊಲದಲ್ಲಿ ಕುಡುಗೋಲು ಹಿಡಿದು ಫೋಟೊ ತೆಗೆಸಿಕೊಳ್ಳುವ ಐದು ನಿಮಿಷ ಮಾತ್ರ ಆಪ್ತ ಸಹಾಯಕ ಉಂಗುರಗಳನ್ನು ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಕೊಂಡಿರುತ್ತಾನೆ. ಖನಿಜಶಾಸ್ತ್ರ ಬಲ್ಲ ಏಕೈಕ ಆಪ್ತ ಸಹಾಯಕ!

ಕೊನೆಗೊಂದು ದಿನ ಉಂಗುರವನ್ನು ಅದೇ ಅಂಗಡಿಗೆ ಬದಲಿಗೆಂದು ಒಯ್ಯುತ್ತೀರಿ. ಕೊಂಡ ದಿನ ಹರಳಿಗೆ ಬೇರೆ ಬೆಲೆ, ಚಿನ್ನಕ್ಕೆ ಬೇರೆ ಬೆಲೆ, ವೇಸ್ಟೇಜು, ಮಜೂರಿ, ಜಿಎಸ್‌ಟಿ ಎಲ್ಲ ಸೇರಿ ಕಾಣಿಕೆ ಸಲ್ಲಿಸಿದ್ದಿರಿ. ಕಾಫಿ ಕೊಟ್ಟಿದ್ದರು. ಈಗ ಕಾಫಿ ಇಲ್ಲ. ಹುಡುಗ ಉಂಗುರವನ್ನು ಒಳಗೆ ಒಯ್ದು, ಹರಳು ಕಿತ್ತು, ತಕ್ಕಡಿಯ ಮೇಲೆ ಬರೀ ಚಿನ್ನ ಇಡುತ್ತಾನೆ.

‘ಹರಳು?’

‘ಅದಕ್ಕೆ ಬೆಲೆ ಬರಲ್ಲ ಮೇಡಂ. ಬೇಕಾದ್ರೆ ನೀವೇ ಇಟ್ಕೊಳ್ಳಿ, ಶುಭ.’

ನಿಮ್ಮ ವಿವಾಹ, ಉದ್ಯೋಗ, ಸಂತಾನ, ವಿದೇಶ ಪ್ರಯಾಣ ಎಲ್ಲವನ್ನೂ ಹೊತ್ತಿದ್ದ ಹರಳು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ ನಿಮ್ಮ ಅಂಗೈಗೆ ವಾಪಸ್.

ಇಷ್ಟಾದ ಮೇಲೂ ಕೊಳ್ಳುವಿರಾದರೆ ಕೊಳ್ಳಿ, ನಂಬಿಕೆ ನಿಮ್ಮದು, ಬೆರಳೂ ನಿಮ್ಮದು. ಮುತ್ತು, ಹವಳವನ್ನು ಮದುವೆ ಮುಂಜಿಗೆ ಇಟ್ಟುಕೊಳ್ಳಿ, ಅಥವಾ ಸರದಲ್ಲಿ ಪೋಣಿಸಿ. ಕುತ್ತಿಗೆ ಯಾರ ಮನೆಯಲ್ಲೂ ಪಾತ್ರೆ ತಿಕ್ಕುವುದಿಲ್ಲ. ದಿನಾ ಸಿಂಕಿನ ಮುಂದೆ ನಿಲ್ಲುವ ಕೈಗೆ ಮಾಣಿಕ್ಯ, ನೀಲ, ಕನಕ ಪುಷ್ಯರಾಗ, ಇಲ್ಲವೇ ಆ ಬಡಪಾಯಿ ವೈಡೂರ್ಯ ಕೊಡಿಸಿ. ತಗ್ಗಾಗಿ, ಸುತ್ತ ಅಂಚು ಕಟ್ಟಿಸಿ. ಮುತ್ತೇ ಆಗಬೇಕೆಂದು ಗುರೂಜಿ ಹಟ ಹಿಡಿದರೆ ಮುತ್ತು ಹಾಕಿಕೊಂಡವರಿಗೆ ಪಾತ್ರೆ ಕೆಲಸದಿಂದ ಕಾಯಂ ವಿನಾಯಿತಿ ಎಂದು ಅವರಿಂದಲೇ ಒಂದು ಚೀಟಿ ಬರೆಸಿಕೊಂಡು ಬನ್ನಿ, ಗಂಡನಿಗೆ ತೋರಿಸಲು ಬೇಕಾಗುತ್ತದೆ. ಇನ್ನು ಅಂಗಡಿಯಲ್ಲಿ: ಉಂಗುರದ ಒಳಗೆ ಕೊರೆದಿರುವ ಬಿಐಎಸ್ ಹಾಲ್‌ಮಾರ್ಕ್ ಮತ್ತು ಆರು ಅಕ್ಷರಾಂಕಿಗಳ ಎಚ್‌ಯುಐಡಿ ಚಿನ್ನದ ಶುದ್ಧತೆಗೆ ಮಾತ್ರ ಜವಾಬು, ಹರಳಿಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಹರಳಿನ ಹೆಸರು, ಕ್ಯಾರಟ್ಟಿನಲ್ಲಿ ಅದರ ತೂಕ, ಸಹಜವೋ ಕೃತಕವೋ, ಎಣ್ಣೆ ಗಾಜು ಏನಾದರೂ ತುಂಬಿದ್ದಾರೋ, ವಾಪಸ್ ತಂದರೆ ಎಷ್ಟು ಕೊಡುತ್ತಾರೋ, ಇಷ್ಟನ್ನೂ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿ ಕೊಡಲು ಹೇಳಿ. ಬರೆಯಲು ಒಲ್ಲೆ ಎಂದರೆ ಕಾಫಿ ಕುಡಿದು ಎದ್ದು ಬನ್ನಿ.